ದೂರಕ್ಕೆ ಕೇಳುವಷ್ಟು

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿಕೊಂಡರೂ ಮೇಣದ ಬತ್ತಿಯನ್ನು ಮುಟ್ಟುವ ಮೊದಲೇ ಆರಿತು. ಮಂಚದ ಮೇಲಿನ ಎರಡು ಕಣ್ಣುಗಳು ತನ್ನ ಬೆರಳುಗಳನ್ನೇ ನೋಡುತ್ತಿವೆ ಎಂಬುದು ಸಿಪ್ರಿಯಾನನಿಗೆ ತಿರುಗದೆಯೂ ತಿಳಿದಿತ್ತು. ತಲ್ಲೂರಿನ ಇಗರ್ಜಿಯ ಸಂಜೆಯ ಗಂಟೆ ಆಗಲೇ ಬಡಿದು ನಿಂತಿತ್ತು. ಮೂರನೆಯ ಕಡ್ಡಿಗೆ ಬತ್ತಿ ಹತ್ತಿತು.

ಮೊಣಕಾಲು ಮಡಚಲಾಗದ್ದರಿಂದ ಅವನು ಮುಕ್ಕಾಲಿಯನ್ನೆಳೆದು, ಗೋಡೆಯ ಹಲಗೆಯ ಮೇಲಿದ್ದ ಶಿಲುಬೆಗೆ ಎದುರಾಗಿ ಕುಳಿತ. ಹಣೆ, ಎದೆ, ಎರಡು ಹೆಗಲುಗಳನ್ನು ಮುಟ್ಟಿಕೊಂಡ. ಜಪಸರವನ್ನು ಬೆರಳಿಗೆ ಸಿಕ್ಕಿಸಿ ಬಾಯಿ ತೆರೆದ. ಬಂದದ್ದು "ಸಾಂತ್ ಮರಿಯೆ". ಅದು ಪ್ರಾರ್ಥನೆಯ ಉತ್ತರಾರ್ಧ. ಅವನು ಅಲ್ಲಿಗೇ ತಡೆದ. ಪೂರ್ವಾರ್ಧ ನಾಲಿಗೆಗೆ ಹತ್ತಲಿಲ್ಲ.

ಆ ಮನೆಯಲ್ಲಿ ತೇರ್ಸ್ ಎಂದು ಕರೆಯುವ ಸಂಜೆಯ ಜಪದಲ್ಲಿ ಒಂದೊಂದು ಮಣಿಗೂ ಎರಡು ಪಾಲು. ಮುಂದಾಗಿ ಹೇಳುವವರು ಅರ್ಧ ಹೇಳಬೇಕು. ಉಳಿದವರು ಮಿಕ್ಕ ಅರ್ಧವನ್ನು ಕೂಡಿಸಬೇಕು. ಮದುವೆಯಾಗಿ ಬಂದಂದಿನಿಂದ ಮೊದಲ ಪಾಲು ಹೆಂಡತಿ ಪಾವ್ಲಿನಳದು. ಹಂಚಿನ ಕಾರ್ಖಾನೆಯಲ್ಲಿ ಗೂಡು ಉರಿಸುವ ಕೆಲಸದಿಂದ ಮನೆಗೆ ಬಂದು, ಸ್ನಾನ ಮಾಡಿ, ಗೋಡೆಗೆ ಒರಗಿ ಕುಳಿತ ಗಂಡನಿಗೆ ಎರಡನೆಯ ಪಾಲೇ ಸಾಕಾಗಿತ್ತು. ಕೆಲವೊಮ್ಮೆ ಅದನ್ನೂ ತೂಕಡಿಕೆಯ ನಡುವೆ ಹೇಳುತ್ತಿದ್ದ. ಹೀಗಾಗಿ ಅವನ ನಾಲಿಗೆಗೆ ಉತ್ತರ ಗೊತ್ತಿತ್ತು, ಆರಂಭ ಗೊತ್ತಿರಲಿಲ್ಲ.

2009ರ ಮಳೆಗಾಲ ಮುಗಿಯುವ ಮೊದಲು ಪಾವ್ಲಿನಳ ದೇಹದ ಬಲಭಾಗ ಬಿದ್ದುಹೋಯಿತು. ಮಾತೂ ಹೋಯಿತು. ಕುಂದಾಪುರದ ಆಸ್ಪತ್ರೆಯಿಂದ ಮನೆಗೆ ತಂದ ದಿನ, ಸಂಜೆಯ ಗಂಟೆ ಕೇಳಿದೊಡನೆ ಅವಳು ಎಡಗೈಯ ಮದುವೆಯ ಉಂಗುರದಿಂದ ಮಂಚದ ಕಬ್ಬಿಣಕ್ಕೆ ಬಡಿಯತೊಡಗಿದಳು. ನೀರು ಕೊಟ್ಟರೂ ನಿಲ್ಲಲಿಲ್ಲ, ಮಗ್ಗುಲು ಬದಲಿಸಿದರೂ ನಿಲ್ಲಲಿಲ್ಲ. ಕೊನೆಗೆ ಅವನು ಬತ್ತಿ ಹಚ್ಚಿದ. ಉಂಗುರ ನಿಂತಿತು. ಬತ್ತಿ ಹಚ್ಚಿದ ಮೇಲೆ ಮುಂದೇನು ಎಂಬುದು ಅವನಿಗೆ ತಿಳಿಯಲಿಲ್ಲ.

ರೋಗಿಗೆ ಪರಮಪ್ರಸಾದ ಕೊಡಲು ಬಂದ ಕಿರಿಯ ಪಾದ್ರಿಯನ್ನು ಅವನು ಅಂಗಳದ ತುದಿಯವರೆಗೆ ಕಳುಹಿಸಿಕೊಡುತ್ತ, ಕೊಂಕಣಿಯಲ್ಲಿ ಹೇಳಿದ: "ನನ್ನಿಂದ ಇಡೀ ತೇರ್ಸ್ ಆಗುವುದಿಲ್ಲ, ಫಾದರ್. ಬಾಯಿಗೆ ಬರುವುದಿಲ್ಲ."

"ಇಡೀ ತೇರ್ಸ್ ಯಾರು ಕೇಳಿದರು?" ಪಾದ್ರಿ ಸ್ಕೂಟರಿನ ಮೇಲೆ ಕುಳಿತು ನಕ್ಕ. "ಹತ್ತೇ ಮಣಿ ಹೇಳಿ. ಆದರೆ ಅದೇ ಹೊತ್ತು, ಅದೇ ಜಾಗ. ಬತ್ತಿ ಹಚ್ಚಿ, ಶಿಲುಬೆಯ ಗುರುತು ಹಾಕಿ ಕುಳಿತುಕೊಳ್ಳಿ. ಮಾತು ಬಂದರೆ ಹೇಳಿ, ಬರದಿದ್ದರೆ ಸುಮ್ಮನಿರಿ. ಎದ್ದು ಮಾತ್ರ ಹೋಗಬೇಡಿ."

ಸಿಪ್ರಿಯಾನ ಅವನ ಮುಖವನ್ನು ದಿಟ್ಟಿಸಿದ. ತಾನು ಜಪದ ನಡುವೆ ಎದ್ದು ಹೋಗುತ್ತಿದ್ದುದನ್ನು ಯಾರಾದರೂ ಹೇಳಿರಬಹುದೇ ಎಂದು ಹುಡುಕಿದ. ಪಾದ್ರಿ ಊರಿಗೆ ಹೊಸಬ. ಅವನ ಮುಖದಲ್ಲಿ ಏನೂ ಇರಲಿಲ್ಲ.

ಆ ಸಲಹೆ ಸಿಪ್ರಿಯಾನನಿಗೆ ಅರ್ಥವಾದದ್ದು ತನ್ನ ಕಸುಬಿನ ಮೂಲಕ. ಹಸಿ ಹಂಚು ತುಂಬಿದ ಗೂಡಿಗೆ ಮೊದಲ ದಿನವೇ ದೊಡ್ಡ ಬೆಂಕಿ ಕೊಟ್ಟರೆ ಹಂಚು ಬಿರಿಯುತ್ತದೆ. ಸಣ್ಣ ಉರಿಯಿಂದ ಒಳಗಿನ ನೀರು ಹೊರಗೆ ಹೋಗಬೇಕು. ಆ ಉರಿ ಆರಬಾರದು. ಅಷ್ಟನ್ನು ಅವನು ಬಲ್ಲ. ದಿನವೂ ಗಂಟೆಗೆ ಸರಿಯಾಗಿ ಮುಕ್ಕಾಲಿ ಎಳೆದ. ಮೊದಲ ವಾರ ಬರಿದೇ ಕುಳಿತ. ಎರಡನೆಯ ವಾರ ಪೂರ್ವಾರ್ಧದ "ನಮಾನ್ ಮರಿಯೆ" ಎಂಬಷ್ಟು ಬಂತು. ತಪ್ಪಿದಲ್ಲಿ ಪಾವ್ಲಿನ ಉಂಗುರದಿಂದ ಒಮ್ಮೆ ತಟ್ಟುತ್ತಿದ್ದಳು. ಅವನು ಹಿಂದಕ್ಕೆ ಹೋಗಿ ಮತ್ತೆ ಹೇಳುತ್ತಿದ್ದ. ಅಕ್ಟೋಬರಿನ ಹೊತ್ತಿಗೆ ಹತ್ತು ಮಣಿಗಳು ತಡವರಿಸದೆ ಉರುಳಿದವು. ಎರಡನೆಯ ಪಾಲನ್ನೂ ಅವನೇ ಹೇಳುತ್ತಿದ್ದ. ಅವಳ ತುಟಿಯ ಎಡಭಾಗ ಅದರ ಜೊತೆಗೆ ಅಲುಗುತ್ತಿತ್ತು.

ಆದರೂ ಜಪ ಮುಗಿದ ಮೇಲೆ ಉಂಗುರದ ಸದ್ದು ಮತ್ತೆ ಶುರುವಾಗುತ್ತಿತ್ತು.

ಅವಳು ಯಾವುದಕ್ಕೆ ಕಾಯುತ್ತಿದ್ದಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನಂತೆ ಅವನು ಬೇರೆ ಬೇರೆ ಪ್ರಾರ್ಥನೆಗಳನ್ನು ಸೇರಿಸಿದ. ರೋಗಿಗಳಿಗಾಗಿ ಒಂದು, ಸಂತ ಅಂತೋನಿಗೆ ಒಂದು, ಕಡಲಿಗೆ ಹೋದವರಿಗಾಗಿ ಒಂದು. ಉಂಗುರ ಬಡಿಯುತ್ತಲೇ ಇತ್ತು. ಅವನು ಎದ್ದು ಬಾವಿಕಟ್ಟೆಗೆ ಹೋಗಿ, ತೊಳೆದ ಕಾಲನ್ನೇ ಮತ್ತೆ ತೊಳೆಯುತ್ತಿದ್ದ.

ಹತ್ತು ವರ್ಷದ ಹಿಂದೆ ಮಗಳು ಜೆಸಿಂತಾ ಭೋಜರಾಜನನ್ನು ಮದುವೆಯಾದಳು. ಭೋಜರಾಜ ಬಡಗಣ ಉಪ್ಪುಂದದ ಮೀನುಗಾರರ ಹುಡುಗ. ನೆರೆಮನೆಯ, ಮೀನು ಮಾರುವ ಬಾಗಿ ಎಂಬವಳಿಗೆ ಅಕ್ಕನ ಮಗ. ಗಂಗೊಳ್ಳಿಯಲ್ಲಿ ದೋಣಿಯ ಇಂಜಿನ್ ರಿಪೇರಿ ಕಲಿಯುತ್ತ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದ. ಮದುವೆ ದೇವಸ್ಥಾನದಲ್ಲಿ ಆಯಿತೆಂಬ ಸುದ್ದಿ ಸಂಜೆಗೆ ತಲುಪಿತು. ಆ ಸಂಜೆ, ತನ್ನ ಬದುಕಿನಲ್ಲಿ ಮೊದಲ ಸಲ, ಸಿಪ್ರಿಯಾನ ಪಾವ್ಲಿನಳ ಕೈಯಿಂದ ಜಪಸರವನ್ನು ತೆಗೆದುಕೊಂಡು ತಾನೇ ಮುಂದಾಗಿ ಹೇಳಿದ. ಹೇಳಿದ್ದು ತೇರ್ಸ್ ಅಲ್ಲ. ಸತ್ತವರ ಆತ್ಮಕ್ಕೆ ನಿತ್ಯ ವಿಶ್ರಾಂತಿಯನ್ನು ಬೇಡುವ ಪ್ರಾರ್ಥನೆ. ಹೆಸರು ಹೇಳಬೇಕಾದ ಜಾಗದಲ್ಲಿ ಜೆಸಿಂತಾ ಎಂದ. ಎರಡನೆಯ ಪಾಲನ್ನು ಪಾವ್ಲಿನ ಹೇಳಲಿಲ್ಲ. ಅವನು ಅದನ್ನೂ ತಾನೇ ಹೇಳಿ ಮುಗಿಸಿದ.

ಮರುದಿನದಿಂದ ಜಪಸರ ಮತ್ತೆ ಅವಳ ಕೈಗೆ ಹೋಯಿತು. ಅವಳು ಅವನೊಡನೆ ಜಗಳ ಮಾಡಲಿಲ್ಲ. ಜಪದ ಕೊನೆಗೆ, "ಮನೆಯಿಂದ ದೂರ ಇರುವವರಿಗಾಗಿ" ಎಂದು ಪರಲೋಕದ ತಂದೆಯನ್ನು ಕರೆಯುವ ಒಂದು ಪರಲೋಕಮಂತ್ರ ಸೇರಿಸಿದಳು, ಹೆಸರಿಲ್ಲದೆ. ಅದು ಶುರುವಾದೊಡನೆ ಅವನು ಎದ್ದು ಬಾವಿಕಟ್ಟೆಗೆ ಹೋಗುತ್ತಿದ್ದ. ಜಪ ಮುಗಿದ ಮೇಲೆ ಮಕ್ಕಳು ಹಿರಿಯರ ಮುಂದೆ ಕೈಮುಗಿದು "ಬೆಸಾಂವ್ ದಿ" ಎಂದು ಆಶೀರ್ವಾದ ಕೇಳುವುದು ಅವರಲ್ಲಿನ ಪದ್ಧತಿ. ಹಿರಿಯರು "ದೇವ್ ಬೆಸಾಂವ್ ದಿಂವ್", ದೇವರು ಆಶೀರ್ವಾದ ಕೊಡಲಿ, ಎನ್ನಬೇಕು. ಆ ಮನೆಯಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ. ಪಾವ್ಲಿನ ಬಡಗಣ ಬಾಗಿಲಿಗೆ ಮುಖ ಮಾಡಿ ಉತ್ತರವನ್ನು ಮಾತ್ರ ಗಟ್ಟಿಯಾಗಿ ಹೇಳುತ್ತಿದ್ದಳು.

"ಯಾರಿಗೆ ಅಷ್ಟು ಗಟ್ಟಿ? ಮನೆಯಲ್ಲಿ ಕಿವುಡರಿದ್ದಾರೆಯೇ?" ಎಂದು ಅವನೊಮ್ಮೆ ಬಾವಿಕಟ್ಟೆಯಿಂದ ಕೇಳಿದ್ದ.

"ದೂರ ಇದೆ," ಎಂದಿದ್ದಳು. ಮತ್ತೆ ಅವನು ಕೇಳಲಿಲ್ಲ.

ಮನೆಯೊಳಗಿನ ಮಾತು ಕೊಂಕಣಿ. ಬೇಲಿಯಾಚೆಯದು ಕುಂದಾಪ್ರ ಕನ್ನಡ; ಅಲ್ಲಿನವರಿಗೆ ಸಿಪ್ರಿಯಾನ ಪೊರ್ಬು, ಪಾವ್ಲಿನ ಬಾಯಮ್ಮ. ಆ ಮದುವೆಯ ಮಾರನೆಯ ದಿನ ಅವನು ಎರಡು ಹಿತ್ತಿಲುಗಳ ನಡುವಿನ ಬೇಲಿ ದಾಟುವ ತಡಮೆಗೆ ಮುಳ್ಳು ಜಡಿದು, ಬಾಗಿಯ ದಾರಿ ಮುಚ್ಚಿದ್ದ. ಪಾವ್ಲಿನ ಆಸ್ಪತ್ರೆಯಿಂದ ಬಂದ ಮೂರನೆಯ ಬೆಳಿಗ್ಗೆ ಹಿತ್ತಿಲ ಬಾಗಿಲು ಬಡಿದದ್ದು ಅದೇ ಬಾಗಿ. ಮೀನಿನ ಬುಟ್ಟಿಯನ್ನು ಹೊರಗಿಟ್ಟು, ಕೈಕಾಲು ತೊಳೆದು ಬಂದಿದ್ದಳು.

"ಹ್ವಾಯ್ ಪೊರ್ಬುಗಳೆ, ಬಾಗಿಲ್ ತೆಗಿನಿ. ನಿಮ್ಮತ್ರ ಮಾತಾಡುಕ್ ಬಂದದ್ದಲ್ಲ, ಬಾಯಮ್ಮನ್ನ ಕಾಂಬುಕ್ ಬಂದದ್ದ್."

"ತಡಮಿಗ್ ಮುಳ್ಳ್ ಇತ್ತಲೆ," ಎಂದ ಅವನು.

"ಇತ್ತಿತ್. ಗೆದ್ದಲ್ ತಿಂದ್ ಪುಡಿ ಆಯಿತ್. ಕಾಲಂಗ್ ಮೆಟ್ಟಿದೆ, ಹೋಯ್ತ್. ನಿಮ್ಗ್ ಹೊಸ್ತ್ ಹಾಕುಕಿದ್ರೆ ಹಾಕಿ, ನಾನ್ ನಾಳೆ ಅದನ್ನೂ ಮೆಟ್ತೆ." ಅವಳು ಒಳಗೆ ನಡೆದೇಬಿಟ್ಟಳು. "ಹೆಂಗಸಿಗ್ ಮೀಯಿಸುದ್ ಗಂಡಸಿನ್ ಕೆಲ್ಸ ಅಲ್ಲ. ಬಿಸ್ನೀರ್ ಕಾಯಿಸಿ, ಹೋಯ್ನಿ."

ಅವನು ನೀರು ಕಾಯಿಸಿದ. ಅಂದಿನಿಂದ ಅವಳು ದಿನವೂ ಬಂದಳು. ಅವನೊಡನೆ ಮಾತು ಕಡಿಮೆ. ಹೇಳಬೇಕಾದದ್ದನ್ನೆಲ್ಲ ಅವನ ಕಿವಿಗೆ ಬೀಳುವಂತೆ ಪಾವ್ಲಿನಳಿಗೆ ಹೇಳುತ್ತಿದ್ದಳು. ಗಂಜಿಗೆ ಉಪ್ಪು ಹೆಚ್ಚಾದದ್ದನ್ನೂ, ಹಾಸುಬಟ್ಟೆ ಸರಿಯಾಗಿ ಒಣಗದ್ದನ್ನೂ ಹಾಗೆಯೇ ಹೇಳಿದಳು.

ಅಕ್ಟೋಬರಿನ ಕೊನೆಯಲ್ಲಿ ಬಾಗಿ ಅಕ್ಕನನ್ನು ನೋಡಲು ಉಪ್ಪುಂದಕ್ಕೆ ಹೋಗಿ, ಎರಡು ದಿನ ಅಲ್ಲಿ ಉಳಿದು ಬಂದಳು. ಬಂದ ಬೆಳಿಗ್ಗೆ ಪಾವ್ಲಿನಳನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆ ಬಾಚತೊಡಗಿದಳು. ಸಿಪ್ರಿಯಾನ ಹೊಸ್ತಿಲ ಬಳಿ ಕುಳಿತು ಲಾಟೀನಿನ ಗಾಜು ಒರೆಸುತ್ತಿದ್ದ.

"ಬಾಯಮ್ಮ, ನಿಮ್ಮ್ ಹೆಣ್ಣ್ ಗಟ್ಟಿ ಇತ್ತ್ ಕಾಣಿ," ಎಂದು ಬಾಗಿ ಶುರುಮಾಡಿದಳು. ಗಾಜು ಒರೆಸುವ ಕೈ ನಿಂತಿತು. ಅವಳು ಅತ್ತ ನೋಡಲಿಲ್ಲ. "ನೀವ್ ಆಸ್ಪತ್ರೆಯಂಗ್ ಇಪ್ಪು ಹೊತ್ತಿಗ್ ಬಂದಿತ್ತಂಬ್ರ್. ಮೆಟ್ಟಿಲ್ ತನ್ಕ ಬಂದ್, ಬಾಗ್ಲಂಗ್ ಇವ್ರ್ ಕೂತದ್ದ್ ಕಂಡ್, ಹಂಗೇ ತಿರ್ಗಿ ಹೋಯ್ತ್. ಅಪ್ಪನ್ ಮುಖ ಕಂಡ್ರೆ ಬಸ್ಸೇ ತಿರ್ಗಿ ಹೋತ್, ಅದೆಂತ ಹೆಣ್ಣ್ ಪಾಪ."

ಪಾವ್ಲಿನಳ ಗಂಟಲಲ್ಲಿ ಒಂದು ಸದ್ದಾಯಿತು. ನಗುವೋ ಅಲ್ಲವೋ ತಿಳಿಯಲಿಲ್ಲ.

"ಇನ್ನೊಂದ್ ಹೇಳ್ತೆ ಕೇಣಿ. ಮೂರ್ಸಂಜಿಗ್ ನಮ್ಮಕ್ಕ ತುಳ್ಸಿಕಟ್ಟಿಗ್ ದೀಪ ಇಡ್ತ್. ದೀಪಕ್ಕ್ ಎಣ್ಣಿ ಹಾಕುದ್ ನಿಮ್ಮ್ ಹೆಣ್ಣೇ. ಅದೆಲ್ಲ ಆಯ್ದ್ ಮೇಲೆ ಹಿತ್ಲ್ ಬದಿಗ್ ಹೋಯಿ, ತೆಂಕ್ ಮುಖ ಮಾಡಿ, ಕೈ ಮುಗ್ದ್ ನಿಲ್ತ್. ಮಗ್ಳ್ ಸ್ವಾತಿನ್ನೂ ಬದಿಗ್ ನಿಲ್ಸ್ಕಂತ್. ನಾನ್ ಕೇಂಡೆ, ಎಂತ ಹೆಣೆ ಇದ್, ಹಳಿ ದೇವ್ರಿಗಾ ಅಂದೇಳಿ. 'ದೇವ್ರಿಗಲ್ಲ ಚಿಕ್ಕಮ್ಮ, ನನ್ನ್ ಅಮ್ಮಂಗೆ, ಮಾಂಯ್‌ಗೆ. ಬೆಸಾಂವ್ ಕೇಂಬುದ್. ಜಪ ಎಲ್ಲ ಬಿಟ್ಟ್ ಹೋಯ್ತ್, ಇದೊಂದ್ ಬಿಡುಕ್ ಆಯ್ಲ್ಯೆ' ಅಂತ್."

ಬಾಚಣಿಗೆ ನರೆಗೂದಲಲ್ಲಿ ಮೆಲ್ಲನೆ ಇಳಿಯಿತು. ಪಾವ್ಲಿನಳ ಎಡಗಣ್ಣಿನಿಂದ ನೀರು ಹರಿದು ಗದ್ದದವರೆಗೆ ಬಂತು. ಬಾಗಿ ಅದನ್ನು ಸೆರಗಿನಿಂದ ಒರೆಸಿದಳು.

"ಈಗ್ಳೂ ಕೇಂತಾ?" ಎಂದು ಹೊಸ್ತಿಲಿನಿಂದ ಒಂದು ಮಾತು ಬಂತು.

ಬಾಗಿ ಮೊದಲ ಸಲ ಅವನ ಕಡೆ ತಿರುಗಿದಳು. "ಈಗ್ಳೂ ಕೇಂತ್. ನಾನೇ ಹೇಳ್ದೆ, ಮಾಂಯ್‌ಗ್ ಬಾಯ್ ಬಿದ್ದ್ ಹೋಯ್ತ್, ಇನ್ನ್ ಕೊಡುದ್ ಯಾರ್ ಹೆಣೆ ಅಂದೇಳಿ. ಅದ್ಕೆ ಎಂತ ಅಂತ್ ಗೊತ್ತಿತ್ತಾ? 'ಮನಿಯಂಗ್ ಇನ್ನೊಬ್ರ್ ಇದ್ರಲೆ' ಅಂತ್."

ಗಾಜು ಅವನ ಕೈಯಲ್ಲೇ ಇತ್ತು. ಒರೆಸಿದಲ್ಲಿಯೇ ಅವನು ಮತ್ತೆ ಒರೆಸಿದ.

ಆ ಸಂಜೆ ಹತ್ತು ಮಣಿ ಮುಗಿದ ಮೇಲೆ ಅವನು ಏಳಲಿಲ್ಲ. ಉಂಗುರವೂ ಬಡಿಯಲಿಲ್ಲ. ಪಾವ್ಲಿನ ಅವನ ಬಾಯಿಯನ್ನು ನೋಡುತ್ತಿದ್ದಳು. "ಮನೆಯಿಂದ ದೂರ ಇರುವವರಿಗಾಗಿ" ಎಂದು ಅವನು ಆರಂಭಿಸಿದ. ಪರಲೋಕಮಂತ್ರವನ್ನು ಕೊನೆಯವರೆಗೆ ಹೇಳಿದ. ಇನ್ನು ಉಳಿದದ್ದು ಮೂರು ಮಾತು. ಅವನು ಬಡಗಣ ಬಾಗಿಲ ಕಡೆಗೆ ತಿರುಗಿದ. "ದೇವ್" ಎಂದ. ಮುಂದಿನದು ಬರಲಿಲ್ಲ. ಕೋಪ ಅವನಲ್ಲಿ ಎಂದೋ ತೀರಿಹೋಗಿತ್ತು. ಅದು ಅವನಿಗೂ ಗೊತ್ತಿತ್ತು. ಬದುಕಿರುವ ಮಗಳನ್ನು ಸತ್ತವರೊಡನೆ ಸೇರಿಸಿದ ಬಾಯಿ ಇದೇ. ಇದೇ ಬಾಯಿಂದ ಆಶೀರ್ವಾದ ಹೊರಟರೆ ಅದು ಏನಾಗಿ ತಲುಪೀತು ಎಂಬುದು ಅವನಿಗೆ ತಿಳಿಯಲಿಲ್ಲ. ಬತ್ತಿ ಅರ್ಧಕ್ಕೆ ಇಳಿಯುವವರೆಗೆ ಪಾವ್ಲಿನ ಕಾದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಮರುದಿನವೂ ಅಷ್ಟೇ ಆಯಿತು; ಅದರ ಮರುದಿನವೂ. "ದೇವ್" ಎಂಬಲ್ಲಿಗೆ ನಿಲ್ಲುತ್ತಿತ್ತು. ಅವಳು ಉಂಗುರದಿಂದ ಒಮ್ಮೆ ತಟ್ಟುತ್ತಿದ್ದಳು, ಮಣಿ ತಪ್ಪಿದಾಗ ತಟ್ಟುತ್ತಿದ್ದಂತೆಯೇ. ಅವನು ಹಿಂದಕ್ಕೆ ಹೋಗಿ ಮತ್ತೆ "ದೇವ್" ಎನ್ನುತ್ತಿದ್ದ.

ನವೆಂಬರ್ ಮೊದಲ ವಾರದ ಒಂದು ಬೆಳಿಗ್ಗೆ ಬಾಗಿ ಬಿಸಿನೀರಿನ ತಂಬಿಗೆಯೊಡನೆ ಒಳಗೆ ಹೋದವಳು ತಂಬಿಗೆಯನ್ನು ನೆಲಕ್ಕಿಟ್ಟು ಹೊರಗೆ ಬಂದಳು. "ಪೊರ್ಬುಗಳೆ, ಒಳ್ಗ್ ಬನ್ನಿ," ಎಂದಳು. ಅವಳ ದನಿಯಲ್ಲಿ ಎಂದಿನ ಕುಟುಕು ಇರಲಿಲ್ಲ.

ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಮರುದಿನ ಸಂಜೆ ಪೆಟ್ಟಿಗೆಯನ್ನು ಇಳಿಸಿದರು. ಕಿರಿಯ ಪಾದ್ರಿ ನಿತ್ಯ ವಿಶ್ರಾಂತಿಯ ಪ್ರಾರ್ಥನೆಯನ್ನು ಆರಂಭಿಸಿದ. ನೆರೆದವರು ಎರಡನೆಯ ಪಾಲು ಹೇಳಿದರು. ಸಿಪ್ರಿಯಾನನೂ ಹೇಳಿದ. ಹೆಸರಿನ ಜಾಗದಲ್ಲಿ ಪಾವ್ಲಿನ ಎಂಬ ಹೆಸರು ಬಂತು.

ಒಬ್ಬೊಬ್ಬರಾಗಿ ಮಣ್ಣು ಹಾಕಬೇಕು, ಮೊದಲು ಅವನೇ. ಅವನು ಬಗ್ಗಿ ಕೆಂಪು ಮಣ್ಣನ್ನು ಬಲಗೈ ತುಂಬ ತೆಗೆದು ಎದ್ದು ನಿಂತಾಗ ಎದುರಿಗೆ ಜೆಸಿಂತಾ ಇದ್ದಳು. ಮೈ ತುಂಬಿತ್ತು, ಕೊರಳಲ್ಲಿ ಕರಿಮಣಿ, ಸೆರಗನ್ನು ತಲೆಗೆ ಎಳೆದುಕೊಂಡಿದ್ದಳು. ಅವಳ ಹಿಂದೆ ಗೇಟಿನ ಹೊರಗೆ ಭೋಜರಾಜ ಚಪ್ಪಲಿ ಕಳಚಿ ನಿಂತಿದ್ದ. ಪಕ್ಕದಲ್ಲಿ ಒಂದು ಹುಡುಗಿ ತಾಯಿ ಮಾಡಿದಂತೆಯೇ ಕೈಮುಗಿದು ನಿಂತಿದ್ದಳು.

"ಪಪ್ಪಾ," ಎಂದಳು ಜೆಸಿಂತಾ. "ಬೆಸಾಂವ್ ದಿ."

ಅವನು ತನ್ನ ಬಲಗೈಯನ್ನು ನೋಡಿಕೊಂಡ. ಆಶೀರ್ವಾದಕ್ಕೆ ಎತ್ತಬೇಕಾದ ಕೈ ಅದೇ. ಅದರ ತುಂಬ ಸಮಾಧಿಯ ಮಣ್ಣಿತ್ತು. ಮಣ್ಣು ಹಿಡಿದ ಕೈಯನ್ನು ಅವಳ ತಲೆಯ ಮೇಲೆ ಎತ್ತುವುದು ಹೇಗೆ? ಅವನು ಹೊಂಡದ ಕಡೆ ತಿರುಗಿದ. ಮಣ್ಣು ಬಿಟ್ಟ. ಬೆರಳ ಸಂದಿಯಲ್ಲಿ ಉಳಿದದ್ದನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ತಿರುಗುವಷ್ಟರಲ್ಲಿ ಮಣ್ಣು ಹಾಕುವವರ ಸಾಲು ಮುಂದೆ ಬಂದು ಅವನನ್ನು ಬದಿಗೆ ಸರಿಸಿತ್ತು. ಅಪ್ಪ ಬೆನ್ನು ತಿರುಗಿಸಿದ ಎಂದಷ್ಟೇ ಅವಳಿಗೆ ಕಂಡಿರಬೇಕು. ಗೇಟಿನ ಹೊರಗೆ ರಿಕ್ಷಾದ ಸದ್ದು ಕೇಳಿತು. ಅವನು ಅಲ್ಲಿಯವರೆಗೆ ಹೋಗುವಷ್ಟರಲ್ಲಿ ರಸ್ತೆಯಲ್ಲಿ ಧೂಳು ಮಾತ್ರ ಇತ್ತು.

ಬ್ರಹ್ಮಾವರದಿಂದ ಬಂದಿದ್ದ ತಂಗಿಯ ಮನೆಯವರು ಏಳನೆಯ ದಿನದ ಪೂಜೆ ಮುಗಿಯುವವರೆಗೆ ಉಳಿದರು. ಆ ಸಂಜೆಗಳಲ್ಲಿ ಜಪವನ್ನು ತಂಗಿಯೇ ಮುಂದಾಗಿ ಹೇಳಿದಳು. ಅವನು ಗೋಡೆಗೆ ಒರಗಿ ಕುಳಿತು ಎರಡನೆಯ ಪಾಲು ಹೇಳಿದ. ಹೊರಡುವ ಮಧ್ಯಾಹ್ನ ಅವಳು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತಳು.

"ನಮ್ಮೊಡನೆ ಬಂದುಬಿಡು, ಅಣ್ಣ. ಇಲ್ಲಿ ಒಬ್ಬನೇ ಏನು ಮಾಡುತ್ತೀ?"

"ಸಂಜೆ ಇಲ್ಲಿರಬೇಕು," ಎಂದ.

"ಜಪ ನಮ್ಮ ಮನೆಯಲ್ಲೂ ಮಾಡಬಹುದಲ್ಲ."

"ಅಲ್ಲಿಂದ ಇನ್ನೂ ದೂರವಾಗುತ್ತದೆ."

ಏನು ದೂರವಾಗುತ್ತದೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಇಗರ್ಜಿ ಇರಬಹುದು ಎಂದುಕೊಂಡು ಬಸ್ಸಿಗೆ ನಡೆದಳು.

ಗಂಟೆ ಬಡಿಯಿತು. ಅಂದು ಮೊದಲ ಕಡ್ಡಿಗೇ ಬತ್ತಿ ಹತ್ತಿತು. ಮಂಚವನ್ನು ಬಾಗಿ ತೊಳೆದು ಗೋಡೆಗೆ ಒರಗಿಸಿ ನಿಲ್ಲಿಸಿದ್ದಳು; ಅದರ ಕಬ್ಬಿಣದ ಒಂದು ಕಡೆ ಬಣ್ಣ ಹೋಗಿ ಬೆಳ್ಳಗೆ ಹೊಳೆಯುತ್ತಿತ್ತು. ಸಿಪ್ರಿಯಾನ ಮುಕ್ಕಾಲಿಯ ಮೇಲೆ ಕುಳಿತ. "ನಮಾನ್ ಮರಿಯೆ" ಎಂದು ಆರಂಭಿಸಿ, ಅರ್ಧಕ್ಕೆ ಬಂದು, ಅಭ್ಯಾಸದಂತೆ ನಿಂತ. ಬೇರೆ ಯಾರೂ ಹೇಳಲಿಲ್ಲ. ಉಳಿದ ಅರ್ಧವನ್ನು ಅವನೇ ಹೇಳಿದ. ಹತ್ತೂ ಮಣಿಗಳಲ್ಲಿ ಹಾಗೆಯೇ, ನಿಂತು ಹೇಳಿದ. ಆಮೇಲೆ ಸತ್ತವರಿಗಾಗಿ ಒಂದು. ಅದರಲ್ಲಿ ಪಾವ್ಲಿನಳ ಹೆಸರು ಹೇಳಿದ. ಮನೆಯಿಂದ ದೂರ ಇರುವವರಿಗಾಗಿ ಒಂದು. ಅದರಲ್ಲಿ ಜೆಸಿಂತಾ ಎಂದ. ಆ ಹೆಸರು ಆ ಕೋಣೆಯಲ್ಲಿ ಹತ್ತು ವರ್ಷಗಳಿಂದ ಕೇಳಿಬಂದಿರಲಿಲ್ಲ.

ಬಡಗಣ ಬಾಗಿಲ ಕಡೆಗೆ ತಿರುಗಿದ. "ದೇವ್ ಬೆಸಾಂವ್ ದಿಂವ್."

ಮಾತು ಬಂತು. ಆದರೆ ಬತ್ತಿಯ ಉರಿ ಕೂಡ ಅಲುಗದಷ್ಟು ಮೆಲ್ಲಗೆ ಬಂತು. ಅದು ಕೋಣೆಯ ಗೋಡೆಯನ್ನೂ ದಾಟಿರಲಾರದು.

ಅವನು ಮಂಡಿಗೆ ಕೈಯೂರಿ ಎದ್ದ. ಬಾಗಿಲ ಅಗಳಿ ತೆಗೆದ. ಹಿತ್ತಿಲು ಕತ್ತಲಾಗುತ್ತಿತ್ತು. ತಡಮೆಯಾಚೆ ಬಾಗಿ "ಬಾ ಬಾ ಬಾ" ಎಂದು ಕೋಳಿಗಳನ್ನು ಗೂಡಿಗೆ ಕರೆಯುತ್ತಿದ್ದಳು. ಹೆದ್ದಾರಿಯಲ್ಲಿ ಬೈಂದೂರಿನ ಬಸ್ಸೊಂದು ಬಡಗಕ್ಕೆ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅವನು ಕಾದ. ಬಲಗೈಯನ್ನು ಪಂಚೆಗೆ ಒರೆಸಿ ಮೇಲೆತ್ತಿದ. ಹಂಚಿನ ಗೂಡಿನ ಬೆಂಕಿಯ ಆರ್ಭಟದ ನಡುವೆ ಆಳುಗಳನ್ನು ಕೂಗುತ್ತಿದ್ದ ದನಿಯಲ್ಲಿ ಮತ್ತೆ ಅದನ್ನೇ ಹೇಳಿದ.

ಬಾಗಿಯ ಕರೆ ನಿಂತಿತು. ಗೂಡಿನ ಬಾಯಿಗೆ ಬಂದಿದ್ದ ಕೋಳಿಗಳು ಚದುರಿದವು. ಅವಳು ಅವುಗಳನ್ನು ಅಟ್ಟಲಿಲ್ಲ. ಗೂಡು ಮುಚ್ಚುವ ಹಲಗೆ ಹಿಡಿದುಕೊಂಡು ನಿಂತಲ್ಲೇ ನಿಂತಳು.

ಸಿಪ್ರಿಯಾನ ಕೈ ಇಳಿಸಲಿಲ್ಲ. ಯಾರಾದರೂ ಎರಡನೆಯ ಪಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ.